ಸಂತೇಬೆನ್ನೂರಿನ ದೀರ್ಘ, ಇಂಡೋನೇಷ್ಯಾದ ಗೀಟು

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಬರುವ ಪ್ರವಾಸಿಗರು ಮುಖ್ಯವಾಗಿ ನೋಡುವುದು ಎರಡನ್ನು. ಒಂದು, ನಡುನೀರಿನಲ್ಲಿ ವಸಂತ ಮಂಟಪ ನಿಂತಿರುವ ಪುಷ್ಕರಣಿ. ಇನ್ನೊಂದು, ಅದರ ಸಮೀಪದ ಮುಸಾಫಿರ್‌ಖಾನೆ. ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ. ಮುಸಾಫಿರ್‌ಖಾನೆ ಅನಂತರ ಬಂದ ಬಿಜಾಪುರದ ಆದಿಲ್‌ಶಾಹಿಗಳ ಕಾಲದ್ದು.

'ಮುಸಾಫಿರ್' ಅರಬ್ಬಿ ಶಬ್ದ, ಪ್ರಯಾಣಿಕ ಎಂದರ್ಥ. 'ಖಾನೆ' ಪಾರ್ಸಿಯದು, ಮನೆ ಎಂದರ್ಥ. ಕುತೂಹಲದ ಸಂಗತಿಯೆಂದರೆ, ಸಾವಿರಾರು ಕಿಲೋಮೀಟರ್ ದೂರದ ಇಂಡೋನೇಷ್ಯಾದವರಿಗೂ 'ಮುಸಾಫಿರ್' ಪರಿಚಿತ ಪದ. ಅಲ್ಲಿಯೂ ಅದಕ್ಕೆ ಇದೇ ಅರ್ಥ.

ಹಾಗೆಂದು ಕನ್ನಡಕ್ಕೂ ಇಂಡೋನೇಷ್ಯಾದ ಭಾಷೆಗೂ ರಕ್ತಸಂಬಂಧವೇನಿಲ್ಲ. ಕನ್ನಡ ದ್ರಾವಿಡ ಭಾಷೆ. ಮಲಯ ಭಾಷೆಯಿಂದ ರೂಪುಗೊಂಡ ಇಂಡೋನೇಷ್ಯಾದ ಭಾಷೆ ಆಸ್ಟ್ರೊನೇಷ್ಯನ್ ಕುಟುಂಬಕ್ಕೆ ಸೇರಿದ್ದು. ಫಿಲಿಪ್ಪೀನ್ಸಿನ ತಗಾಲೊಗ್, ಆಫ್ರಿಕಾದ ಪಕ್ಕದ ಮಡಗಾಸ್ಕರಿನ ಮಲಗಾಸಿ ಅದರ ಬಂಧುಗಳು. ನಮಗೂ ಅವರಿಗೂ ಇರುವುದು ಒಂದೇ ಅಂಗಡಿಯಲ್ಲಿ ಸಾಲ ತಂದವರ ನಂಟು.

ಆ ಸಾಲದ ಪಟ್ಟಿ ಉದ್ದವಾಗಿದೆ. ನಮ್ಮ ಕುರ್ಚಿ ಅಲ್ಲಿ 'ಕುರ್ಸಿ', ಮೇಜು 'ಮೆಜಾ', ಸಾಬೂನು 'ಸಾಬುನ್', ರೊಟ್ಟಿ 'ರೋಟಿ', ಖಬರು 'ಕಾಬಾರ್'. ದುನಿಯಾ ಅಲ್ಲಿಯೂ 'ದುನಿಯಾ'. ಮೇಜನ್ನು ಎರಡೂ ಕಡೆಗೆ ತಂದವರು ಪೋರ್ಚುಗೀಸರು. ಸಂಸ್ಕೃತದ ಸಾಲ ಇನ್ನೂ ಹಳೆಯದು. ಗುರು, ನಾಮ, ದೋಷ ಅಲ್ಲೂ ಉಂಟು. 'ಸುಆಮಿ' ಎಂದರೆ ಗಂಡ, 'ಇಸ್ತ್ರಿ' ಎಂದರೆ ಹೆಂಡತಿ. ನಮ್ಮ ಸ್ವಾಮಿ ಮತ್ತು ಸ್ತ್ರೀ ಅಲ್ಲಿ ಸಂಸಾರ ಹೂಡಿದ್ದಾರೆ! ಮಹಾಪ್ರಾಣ ಮಾತ್ರ ಅವರ ನಾಲಿಗೆಗೆ ಒಗ್ಗಲಿಲ್ಲ. ಅದನ್ನು ಬಿಡಿಸಿ ಎರಡು ಅಕ್ಷರ ಮಾಡಿಕೊಂಡರು. ಭಾಷೆ 'ಬಹಾಸಾ' ಆಯಿತು, ಭಯ 'ಬಹಾಯಾ', ಫಲ 'ಪಹಾಲಾ' ಆಯಿತು. ನಮ್ಮ ಹಳ್ಳಿಯವರು ಇದೇ ತೊಡಕನ್ನು 'ಬಾಸೆ' ಎಂದು ನೀಗಿಸಿಕೊಂಡರು.

ಗೀಟು ಹೋದ ಕಥೆ

ಇಂಡೋನೇಷ್ಯಾದವರು ಇಂದು ಬರೆಯುವುದು ರೋಮನ್ ಲಿಪಿಯಲ್ಲಿ. ಅದರ ಐದನೆಯ ಅಕ್ಷರವನ್ನು ಅವರು ಮುಖ್ಯವಾಗಿ ಎರಡು ಬಗೆಯಾಗಿ ಉಚ್ಚರಿಸುತ್ತಾರೆ. ಒಂದು ನಮ್ಮ 'ಎ' ಕಾರದಂತೆ, ಇನ್ನೊಂದು ತೇಲಿಸಿ ನುಡಿದ 'ಅ' ಕಾರದಂತೆ. 'ತೆರಾಸ್' ಎಂದರೆ ಮನೆಯ ಜಗಲಿ. 'ತರಾಸ್' ಎಂದರೆ ತಿರುಳು. ಬರವಣಿಗೆಯಲ್ಲಿ ಎರಡೂ ಒಂದೇ.

ಹಿಂದೆ ಹೀಗಿರಲಿಲ್ಲ. ಡಚ್ಚರ ಆಡಳಿತದಲ್ಲಿ, 1901ರಲ್ಲಿ, ಫಾನ್ ಆಪ್‌ಹೌಸೆನ್ ಎಂಬ ವಿದ್ವಾಂಸ ಮಲಯ ಭಾಷೆಗೆ ರೋಮನ್ ಕಾಗುಣಿತ ಗೊತ್ತುಮಾಡಿದಾಗ 'ಎ' ಉಚ್ಚಾರಕ್ಕೆ ಅಕ್ಷರದ ತಲೆಯ ಮೇಲೊಂದು ಓರೆಗೀಟು ಇತ್ತು. ಸ್ವಾತಂತ್ರ್ಯ ಘೋಷಣೆಯಾದ ಮೇಲೆ, 1947ರ ಸುಧಾರಣೆಯಲ್ಲಿ, ಆ ಗೀಟನ್ನು ಕೈಬಿಡಲಾಯಿತು. 1972ರಲ್ಲಿ ಕಾಗುಣಿತ ಮತ್ತೆ ಬದಲಾದರೂ ಅದು ನಿತ್ಯದ ಬರವಣಿಗೆಗೆ ಮರಳಲಿಲ್ಲ. ಅರ್ಥ ಗೊಂದಲವಾಗುವ ಕಡೆ ಹಾಕಿಕೊಳ್ಳಬಹುದು, ಅಷ್ಟೇ.

ಇದಕ್ಕೂ ಹಿಂದಿನ ಜಾವಾ ಲಿಪಿಯಲ್ಲಿ ಈ ಎರಡು ಧ್ವನಿಗಳಿಗೂ ಬೇರೆ ಬೇರೆ ಗುರುತುಗಳಿದ್ದವು. ಆ ಲಿಪಿಯ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ಎಂದರೆ ನಮ್ಮ ಲಿಪಿಗೂ ಅದಕ್ಕೂ ಬ್ರಾಹ್ಮಿಯೇ ಪೂರ್ವಜ. ಭಾಷೆಯಲ್ಲಿ ಇಲ್ಲದ ರಕ್ತಸಂಬಂಧ ಹೀಗೆ ಅಕ್ಷರದಲ್ಲಿದೆ.

ದೀರ್ಘ ಬಂದ ಕಥೆ

ಕನ್ನಡದ ಕಥೆ ಇದಕ್ಕೆ ತಿರುವುಮುರುವು. ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಗುರುತು ಇರಲಿಲ್ಲ. ಮಾತಿನಲ್ಲಿ ಭೇದವಿತ್ತು. ವ್ಯಾಕರಣಕಾರರಿಗೂ ಅದು ಗೊತ್ತಿತ್ತು. ಬರವಣಿಗೆಯಲ್ಲಿ ಮಾತ್ರ ಕೊಡು ಎಂದು ಬರೆದದ್ದು ದಾನವೋ ಎತ್ತಿನ ಕೋಡೋ ಎಂಬುದನ್ನು ಓದುವವನೇ ಸಂದರ್ಭ ನೋಡಿ ತಿಳಿಯಬೇಕಿತ್ತು. ಇಂಡೋನೇಷ್ಯಾದ ಓದುಗ ಇಂದು ಮಾಡುತ್ತಿರುವುದೂ ಅದನ್ನೇ. ಅಚ್ಚಿನ ಕಾಲಕ್ಕೆ ಕನ್ನಡದಲ್ಲಿ ದೀರ್ಘದ ಗುರುತು ಗಟ್ಟಿಯಾಗಿ ನೆಲೆಯಾಯಿತು. ಅವರು ಕಳೆದುಕೊಂಡರು, ನಾವು ಗಳಿಸಿಕೊಂಡೆವು.

ಈ ಊರಿನ ಹೆಸರನ್ನೇ ನೋಡಿ. 'ತೇ' ದೀರ್ಘ, 'ಬೆ' ಹ್ರಸ್ವ. ಸಂತೆ ಎಂಬುದು ಬೆನ್ನೂರಿನ ಜೊತೆ ಸೇರಿದಾಗ ಹಳೇಬೀಡಿನ 'ಳೇ'ಯಂತೆ, ಸಂತೇಮರಹಳ್ಳಿಯ 'ತೇ'ಯಂತೆ ಎಳೆದುಕೊಂಡಿದೆ. ಕನ್ನಡದ ಫಲಕ ಇದನ್ನು ಉಳಿಸಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಬರೆದಾಗ ಎರಡಕ್ಕೂ ಒಂದೇ ಅಕ್ಷರ. ಯಾವುದು ಉದ್ದ, ಯಾವುದು ಗಿಡ್ಡ ಎಂದು ಹೊರಗಿನವರಿಗೆ ತಿಳಿಯುವ ದಾರಿಯಿಲ್ಲ. ಇಂಗ್ಲಿಷ್ ಫಲಕದಿಂದಲೇ ಊರಿನ ಹೆಸರು ಕಲಿಯುವ ಮಗುವಿಗೂ ಅದು ತಿಳಿಯದು.

ಚಿಹ್ನೆ ಸಣ್ಣದು, ಬಿಟ್ಟರೆ ಏನಾಗುತ್ತದೆ ಎಂದು ಕೇಳಬಹುದು. ಊರಿನವರಿಗೆ ಏನೂ ಆಗುವುದಿಲ್ಲ. ಹೆಸರು ಅವರ ಬಾಯಲ್ಲೇ ಇದೆ. ಜಕಾರ್ತದವನಿಗೂ ತನ್ನ ಮನೆಯ ಜಗಲಿ ತಪ್ಪುವುದಿಲ್ಲ. ಗುರುತು ಬೇಕಾಗುವುದು ಹೊಸದಾಗಿ ಬಂದವನಿಗೆ. ದಾರಿಹೋಕನಿಗೆ ಒಂದು ಸೂರು ಬೇಕೆಂದು ಹಿಂದಿನವರು ಇಲ್ಲಿ ಮುಸಾಫಿರ್‌ಖಾನೆ ಕಟ್ಟಿದರು. ಊರಿನ ಹೆಸರಿನಲ್ಲಿರುವ ದೀರ್ಘವನ್ನು ಉಳಿಸಿಕೊಳ್ಳುವುದೂ ಅಂಥದೇ ಒಂದು ಉಪಕಾರ.