ಹಿಡಿಕೆಯೊಳಗಿನ ಅಯಸ್ಕಾಂತ: ಥ್ರಾಟಲ್ ನಡೆದು ಬಂದ ದಾರಿ



ಮಸಿನಗುಡಿಯ ನಮ್ಮ ಪರಿಚಯದವರೊಬ್ಬರು ತಮ್ಮ ಹಳೆಯ ಸೈಕಲ್ಲಿಗೆ ಕರೆಂಟಿನ ಕಿಟ್ ಹಾಕಿಸಿಕೊಂಡರು. ಹಿಂದಿನ ಚಕ್ರದ ನಡುವೆ ಮೋಟಾರು, ಸೀಟಿನ ಕೆಳಗೆ ಬ್ಯಾಟರಿ, ಬಲಗೈಗೆ ತಿರುಗಿಸುವ ಹಿಡಿಕೆ. ನಾವೆಲ್ಲ ‘ರೇಸ್’ ಎನ್ನುವ ಆ ಹಿಡಿಕೆಗೇ ಥ್ರಾಟಲ್ ಎಂದು ಹೆಸರು. ಎರಡು ತಿಂಗಳು ಚೆನ್ನಾಗಿ ಓಡಿತು. ಮಳೆ ಹಿಡಿದ ಮೇಲೆ ಒಂದು ದಿನ ರೇಸ್ ಕೊಟ್ಟರೆ ಚಕ್ರ ತಿರುಗಲಿಲ್ಲ. ರಿಪೇರಿಯವನು ಮೊದಲು ಹಿಡಿಕೆಗೆ ಎಣ್ಣೆ ಬಿಟ್ಟ. ಆಮೇಲೆ ಹೊಸ ಥ್ರಾಟಲ್ ಹಾಕಿದ, ಅದೂ ಆಗದೆ ಇನ್ನೊಂದು ಹಾಕಿದ. ದುಡ್ಡು ಹೋಯಿತು, ಸೈಕಲ್ಲು ನಿಂತಲ್ಲೇ ನಿಂತಿತ್ತು.

ನಾನು ಎಂಜಿನಿಯರನಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂತವನು. ಆದರೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾವ ಕಡೆಯಿಂದ ಹುಡುಕಬೇಕು ಎಂಬುದನ್ನು ವರ್ಷಗಟ್ಟಲೆ ಕಲಿತಿದ್ದೇನೆ. ಆ ರಿಪೇರಿಯವನ ತಪ್ಪು ಕೈಯದಲ್ಲ, ಹಳೆಯ ಅಭ್ಯಾಸದ್ದು. ಅದು ತಿಳಿಯಬೇಕಾದರೆ ಥ್ರಾಟಲಿನ ಚರಿತ್ರೆ ಸ್ವಲ್ಪ ನೋಡಬೇಕು.

ಇಂಗ್ಲಿಷಿನಲ್ಲಿ ಈ ಮಾತಿಗೆ ಗಂಟಲು ಹಿಸುಕುವುದೆಂದು ಅರ್ಥ. ಉಗಿಯಂತ್ರದ ಕೊಳವೆಯಲ್ಲಿ ಹೋಗುವ ಉಗಿಯ ಗಂಟಲನ್ನು ಹಿಸುಕಿ, ಸಡಿಲಿಸಿ ವೇಗ ನಡೆಸುತ್ತಿದ್ದರು. ನಮ್ಮ ಬೆಟ್ಟದ ರೈಲನ್ನೇ ನೋಡಿ. 1899ರಲ್ಲಿ ಮೆಟ್ಟುಪಾಳಯದಿಂದ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಅದು ಹತ್ತಿತು. ಆ ಉಗಿ ಎಂಜಿನ್ನಿನಲ್ಲಿ ಡ್ರೈವರು ಎಳೆಯುವ ಹಿಡಿಕೆ ಉಗಿ ಹೋಗುವ ಬಾಗಿಲನ್ನೇ ತೆರೆಯುತ್ತದೆ. ಪೆಟ್ರೋಲ್ ಬೈಕು ಬಂದಾಗಲೂ ರೀತಿ ಅದೇ. ಕೈ ತಿರುಗಿದರೆ ಕೇಬಲ್ ಎಳೆಯುತ್ತದೆ, ಕಾರ್ಬುರೇಟರಿನ ಬಾಗಿಲು ತೆರೆಯುತ್ತದೆ. ಕೇಬಲ್ ಬಿಗಿದರೆ ಎಣ್ಣೆ ಬಿಡು, ತುಂಡಾದರೆ ಬದಲಿಸು. ನಮ್ಮ ರಿಪೇರಿಯವನು ಕಲಿತದ್ದು ಈ ಪಾಠ.

ಕರೆಂಟಿನ ಗಾಡಿಗೆ ಬೇರೆ ಚರಿತ್ರೆಯಿದೆ. 1888ರಲ್ಲಿ ಅಮೆರಿಕದ ರಿಚ್ಮಂಡ್ ಪಟ್ಟಣದಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬಾತ ವಿದ್ಯುತ್ ಟ್ರಾಮುಗಳನ್ನು ಓಡಿಸಿ ತೋರಿಸಿದ. ಏಳೇ ವರ್ಷದಲ್ಲಿ, 1895ರಲ್ಲಿ, ಮದರಾಸಿನ ಬೀದಿಗೆ ಟ್ರಾಮ್ ಬಂತು, 1953ರವರೆಗೂ ಓಡಿತು. ಅಂಥ ಹಳೆಯ ಟ್ರಾಮುಗಳಲ್ಲಿ ಡ್ರೈವರು ಒಂದು ಹಿಡಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸುತ್ತಿದ್ದ. ಮೋಟಾರಿಗೆ ಹೋಗುವ ಕರೆಂಟೆಲ್ಲ ಆ ಹಿಡಿಕೆಯ ಕೆಳಗಿನ ಪೆಟ್ಟಿಗೆಯ ಮೂಲಕವೇ ಹರಿಯಬೇಕು. ನಿಧಾನವಾಗಿ ಹೊರಡುವಾಗ ಹೆಚ್ಚಾದ ಕರೆಂಟು ತಡೆತಂತಿಗಳಲ್ಲಿ ಶಾಖವಾಗಿ ವ್ಯರ್ಥವಾಗುತ್ತಿತ್ತು.

ಈಗಿನ ಸೈಕಲ್ಲಿನ ಹಿಡಿಕೆಯಲ್ಲಿ ಇದಾವುದೂ ಇಲ್ಲ. ಕೇಬಲ್ ಇಲ್ಲ, ಮೋಟಾರಿನ ಕರೆಂಟೂ ಇಲ್ಲ. ಒಳಗೊಂದು ಚಿಕ್ಕ ಅಯಸ್ಕಾಂತ, ಅದರ ಎದುರಿಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಕಪ್ಪು ಚಿಪ್ಪು. ಅದರ ಹೆಸರು ಹಾಲ್ ಸೆನ್ಸರ್. 1879ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿಗೆ ಒಂದು ಅನುಮಾನ ಬಂತು. ಅಯಸ್ಕಾಂತ ಎಳೆಯುವುದು ತಂತಿಯನ್ನೇ ಹೊರತು ಅದರೊಳಗಿನ ಕರೆಂಟನ್ನಲ್ಲ ಎಂದು ಮಹಾವಿಜ್ಞಾನಿ ಮ್ಯಾಕ್ಸ್‌ವೆಲ್ ಬರೆದಿದ್ದರು. ಹುಡುಗ ಅದನ್ನು ಒಪ್ಪಲಿಲ್ಲ. ತೆಳ್ಳಗಿನ ಚಿನ್ನದ ತಗಡಿನಲ್ಲಿ ಕರೆಂಟು ಹರಿಸಿ ಅಯಸ್ಕಾಂತ ಹಿಡಿದ. ತಗಡಿನ ಅಡ್ಡಕ್ಕೆ ಅತಿ ಸಣ್ಣ ವೋಲ್ಟೇಜು ಹುಟ್ಟಿತು! ಎಲೆಕ್ಟ್ರಾನ್ ಎಂಬುದು ಪತ್ತೆಯಾಗುವುದಕ್ಕೆ ಇನ್ನೂ 18 ವರ್ಷ ಇತ್ತು. ಚಿನ್ನದಲ್ಲಿ ಕಂಡದ್ದು ಬಹಳ ಕಾಲ ಪ್ರಯೋಗಶಾಲೆಯಲ್ಲೇ ಉಳಿಯಿತು. ಸಿಲಿಕಾನ್ ಚಿಪ್ಪುಗಳು ಬಂದ ಮೇಲೆ, 1960ರ ದಶಕದ ಕೊನೆಗೆ, ಅದು ಕೀಲಿಮಣೆಗಳಿಗೂ ಇಳಿಯಿತು. ಇಂದು ನಮ್ಮ ಅಂಗೈಯ ಕೆಳಗಿದೆ.

ಮಸಿನಗುಡಿಯ ಪಕ್ಕದ ಸಿಂಗಾರದಲ್ಲಿ ಪೈಕಾರ ವಿದ್ಯುದಾಗಾರ ಶುರುವಾದದ್ದು 1932ರಲ್ಲಿ. ಬೆಂಗಳೂರಿನ ರೇವಾ ಕರೆಂಟು ಕಾರು ಮಾರಾಟಕ್ಕೆ ಬಂದದ್ದು 2001ರಲ್ಲಿ. ಈಗ ಗಡಿಯಾಚೆಗೆ ಹೋಗುವುದೇ ಬೇಡ, ಹೊಸೂರಿನಲ್ಲೇ ಕರೆಂಟು ಸ್ಕೂಟರುಗಳು ತಯಾರಾಗುತ್ತವೆ.

ಬ್ಯಾಂಕಿನ ರೀತಿಯಲ್ಲಿ ಹೇಳಿದರೆ ಬ್ಯಾಟರಿ ತಿಜೋರಿ, ಕಂಟ್ರೋಲರ್ ಕ್ಯಾಷಿಯರ್, ಥ್ರಾಟಲ್ ಬರಿಯ ಚೀಟಿ. ಚೀಟಿಯಲ್ಲಿ ಹಣ ಇರುವುದಿಲ್ಲ, ಎಷ್ಟು ಕೊಡಬೇಕೆಂಬ ಮಾತು ಇರುತ್ತದೆ. ಸಾಮಾನ್ಯ ಕಿಟ್‌ಗಳಲ್ಲಿ ಥ್ರಾಟಲಿಗೆ ಮೂರು ತಂತಿ: ಕೆಂಪು 5 ವೋಲ್ಟ್ ತರುತ್ತದೆ, ಕಪ್ಪು ನೆಲದ ತಂತಿ, ಹಸಿರೋ ಬಿಳಿಯೋ ಆದ ಮೂರನೆಯದು ಸುದ್ದಿ ಒಯ್ಯುತ್ತದೆ. ಬಣ್ಣ ಬೇರೆಯಿರಬಹುದು, ಕಿಟ್ ಜೊತೆಗೆ ಬಂದ ಕಾಗದ ನೋಡಿಕೊಳ್ಳಿ. ಹಿಡಿಕೆ ಸುಮ್ಮನಿದ್ದಾಗ ಸುದ್ದಿತಂತಿಯಲ್ಲಿ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದರೆ ಸುಮಾರು 4. ಸೊನ್ನೆ ಏಕಲ್ಲ ಎಂದು ಕೇಳುತ್ತೀರಿ. ವ್ಯವಹಾರವಿಲ್ಲದ ದಿನವೂ ಶಾಖೆಯಿಂದ ‘ನಿಲ್’ ಎಂದು ಬರೆದು ಕಳಿಸುತ್ತಿದ್ದೆವು. ಏನೂ ಬಾರದಿದ್ದರೆ ಏನೋ ಕೆಟ್ಟಿದೆ ಎಂದು ಮೇಲಿನವರಿಗೆ ತಿಳಿಯುತ್ತಿತ್ತು. 0.8 ಅಂಥ ‘ನಿಲ್’. ಸೊನ್ನೆ ಎಂದರೆ ಏನೋ ಕೆಟ್ಟಿದೆ ಎಂದು ಅರ್ಥ.

ಆದ್ದರಿಂದ ಚೀಟಿಯ ದಾರಿ ಹಿಡಿದು ಹುಡುಕಿ. ಮೊದಲು ಮೋಟಾರಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ. ಇದನ್ನು ಮರೆಯಬೇಡಿ. ಕಪ್ಪು ತಂತಿ ಕಡಿದರೆ ಸುದ್ದಿತಂತಿಯ ವೋಲ್ಟೇಜು ತಾನೇ ಮೇಲೇರಿ, ನೀವು ಮುಟ್ಟದೆಯೇ ಮೋಟಾರು ಪೂರ್ತಿ ವೇಗಕ್ಕೆ ಹೋಗಬಹುದು. ಒಳ್ಳೆಯ ಕಂಟ್ರೋಲರು ಅದನ್ನು ಗುರುತಿಸಿ ನಿಲ್ಲಿಸುತ್ತದೆ, ಎಲ್ಲವೂ ಒಳ್ಳೆಯವಲ್ಲ. ಕಲ್ಹಟ್ಟಿಯ 36 ತಿರುವುಗಳಲ್ಲಿ ಹೀಗಾದರೆ ಏನು ಗತಿ, ನೀವೇ ಹೇಳಿ.

ಮೀಟರಿನಿಂದ ಕೆಂಪು-ಕಪ್ಪು ನೋಡಿ. 5 ವೋಲ್ಟಿನ ಆಸುಪಾಸು ಇಲ್ಲದಿದ್ದರೆ ಥ್ರಾಟಲಿನ ಕನೆಕ್ಟರ್ ಬಿಡಿಸಿ ಕಂಟ್ರೋಲರ್ ಕಡೆಯಲ್ಲಿ ಮತ್ತೆ ಅಳೆಯಿರಿ. ಆಗ ಬಂದರೆ ಥ್ರಾಟಲಿನೊಳಗೆ ಶಾರ್ಟು, ಆಗಲೂ ಬಾರದಿದ್ದರೆ ದೋಷ ಕಂಟ್ರೋಲರ್ ಕಡೆಯದು. 5 ಇದ್ದರೆ ಸುದ್ದಿತಂತಿ ಅಳೆಯುತ್ತ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ. ಅಂಕಿ ನಯವಾಗಿ ಏರಿಳಿದರೆ ಥ್ರಾಟಲ್ ನಿರಪರಾಧಿ. ನಡುವೆ ಜಿಗಿದರೆ ಅಯಸ್ಕಾಂತ ಸಡಿಲವಾಗಿರಬಹುದು, ತಂತಿ ಒಳಗೇ ಮುರಿದಿರಬಹುದು. ಮುಟ್ಟದಿದ್ದರೂ ಚಕ್ರ ತೆವಳಿದರೆ ಕನೆಕ್ಟರಿನಲ್ಲಿ ನೀರು ಸೇರಿದೆಯೇ ನೋಡಿ. ನಮ್ಮ ಮಂಜಿಗೆ ಇದು ಮಾಮೂಲು ಕಾಯಿಲೆ. ಬ್ಯಾಟರಿ ಕಳಚಿ ಒರೆಸಿ ಒಣಗಿಸಬೇಕು, ಎಣ್ಣೆ ಬಿಡಬಾರದು. ಏರಿನಲ್ಲಿ ಮಾತ್ರ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಓಡಿದರೆ ಬ್ಯಾಟರಿ ದಣಿದು ತಾನೇ ಕಡಿದುಕೊಂಡಿರುತ್ತದೆ, ಬೈಗಳು ಮಾತ್ರ ಥ್ರಾಟಲಿಗೆ.

ಮಸಿನಗುಡಿಯ ಸೈಕಲ್ಲಿನಲ್ಲಿ 5 ವೋಲ್ಟ್ ಇತ್ತು. ಸುದ್ದಿಯೂ 0.8ರಿಂದ 4ರವರೆಗೆ ನಯವಾಗಿ ಏರಿತು. ಚೀಟಿ ಸರಿಯಾಗಿದೆ, ಕ್ಯಾಷಿಯರ್ ಹಣ ಕೊಡುತ್ತಿಲ್ಲ. ಕೊಡಬೇಡ ಎಂದು ಬೇರೆ ಯಾರೋ ಹೇಳುತ್ತಿರಬೇಕು. ಬ್ರೇಕ್ ಹಿಡಿದಾಗ ಮೋಟಾರು ನಿಲ್ಲಲೆಂದು ಬ್ರೇಕಿನ ಸನ್ನೆಯಲ್ಲೊಂದು ಸ್ವಿಚ್ ಇರುತ್ತದೆ. ಎಡಗೈಯ ಸನ್ನೆ ಮಳೆಗೆ ತುಕ್ಕು ಹಿಡಿದು ಕೂದಲೆಳೆಯಷ್ಟು ಒಳಗೇ ನಿಂತಿತ್ತು. ಬ್ರೇಕ್ ಹಿಡಿದೇ ಇದ್ದೀರಿ ಎಂದು ಕಂಟ್ರೋಲರ್ ತಿಳಿದಿತ್ತು. ಬೆರಳಿನಿಂದ ಸನ್ನೆಯನ್ನು ಹೊರಕ್ಕೆ ತಳ್ಳಿ ರೇಸ್ ಕೊಟ್ಟೆವು, ಎತ್ತಿ ನಿಲ್ಲಿಸಿದ್ದ ಚಕ್ರ ಗಿರ್ರನೆ ತಿರುಗಿತು.

ಬಿಚ್ಚಿಟ್ಟಿದ್ದ ಥ್ರಾಟಲುಗಳನ್ನೂ ಮೀಟರಿಗೆ ಹಿಡಿದು ನೋಡಿದೆವು. ಅವೂ ಚೆನ್ನಾಗಿಯೇ ಇದ್ದವು.