ಹದಿನಾಲ್ಕನೆಯ ಲೂಯಿಯ ಭಾವಚಿತ್ರ: ಬಣ್ಣದಲ್ಲಿ ಕಟ್ಟಿದ ಅರಸೊತ್ತಿಗೆ

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಈ ತೈಲಚಿತ್ರವನ್ನು 1701ರಲ್ಲಿ ಬರೆದವನು ಇಯಾಸಿಂತ್ ರಿಗೋ. ಸುಮಾರು 277 ಸೆಂ.ಮೀ. ಎತ್ತರ, 194 ಸೆಂ.ಮೀ. ಅಗಲದ ಮೂಲಕೃತಿ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಬರೋಕ್ ಕಾಲದ ರಾಜಚಿತ್ರಗಳಲ್ಲಿ ಅರಸನ ಅಧಿಕಾರವನ್ನು ಇಷ್ಟು ಪೂರ್ಣವಾಗಿ ಕಣ್ಣಿಗೆ ಕಟ್ಟುವ ಇನ್ನೊಂದು ಕೃತಿಯನ್ನು ಹೆಸರಿಸುವುದು ಕಷ್ಟ.

ಹಿನ್ನೆಲೆ

1700ರಲ್ಲಿ ಲೂಯಿಯ ಮೊಮ್ಮಗ ಐದನೆಯ ಫಿಲಿಪ್ ಎಂಬ ಹೆಸರಿನಲ್ಲಿ ಸ್ಪೇನಿನ ಪಟ್ಟಕ್ಕೆ ಬಂದ. ಅವನಿಗೆ ಉಡುಗೊರೆಯಾಗಿ ಕಳಿಸಲೆಂದು ಬರೆಸಿದ ಚಿತ್ರವಿದು. ಮುಗಿದ ಚಿತ್ರ ಅಜ್ಜನಿಗೇ ಬಹಳ ಮೆಚ್ಚಿಗೆಯಾಯಿತು. ಮೂಲವನ್ನು ತನ್ನಲ್ಲೇ ಇರಿಸಿಕೊಂಡು ಪ್ರತಿ ಮಾಡಿಸಲು ಹೇಳಿದ. ಆ ಪಟ್ಟದ ವಿಚಾರವಾಗಿಯೇ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡು 1714ರವರೆಗೂ ನಡೆಯಿತು.

ಮುಖ ಮತ್ತು ಕಾಲು

ಆಗ ದೊರೆಗೆ 63ರ ಆಸುಪಾಸು. ಹಲ್ಲುಗಳನ್ನು ಎಷ್ಟೋ ವರ್ಷಗಳ ಹಿಂದೆಯೇ ಕಳೆದುಕೊಂಡಿದ್ದ. ರಿಗೋ ಅದನ್ನು ಮುಚ್ಚಿಟ್ಟಿಲ್ಲ: ಕೆನ್ನೆ ಒಳಸರಿದಿದೆ, ಬಾಯಿ ಬಿಗಿದಿದೆ, ಗಲ್ಲದ ಕೆಳಗಿನ ಚರ್ಮ ಇಳಿಬಿದ್ದಿದೆ. ಆದರೆ ಕಣ್ಣು ಕೆಳಗಿಳಿಸಿದರೆ ಬಿಳಿ ರೇಷ್ಮೆಯ ಕಾಲುಚೀಲ ತೊಟ್ಟ ನೀಳವಾದ, ಹುರಿಗಟ್ಟಿದ ಕಾಲುಗಳು! ಒಂದು ಪಾದ ಮುಂದಿಟ್ಟು ನಿಂತ ಭಂಗಿ ಪಳಗಿದ ನರ್ತಕನದು. ಲೂಯಿ ನಿಜಕ್ಕೂ ನರ್ತಕನಾಗಿದ್ದ. 1653ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಆಸ್ಥಾನದ ಬ್ಯಾಲೆಯೊಂದರಲ್ಲಿ ಸೂರ್ಯನ ವೇಷ ಹಾಕಿದ್ದ. ಕೆಂಪು ಹಿಮ್ಮಡಿಯ ಬೂಟು ಅವನ ಆಸ್ಥಾನದ ಕುಲೀನರ ಗುರುತು.

ಚಿತ್ರದ ಜೀವ ಇರುವುದು ಈ ಜೋಡಣೆಯಲ್ಲೇ ಎಂದು ನನಗನಿಸುತ್ತದೆ. ಮುಖ ಮುಪ್ಪಾಗುವ ಮನುಷ್ಯನದು, ನಿಲುವು ಮುಪ್ಪಿಲ್ಲದ ಪದವಿಯದು. ಮುಖವನ್ನೂ ಎಳೆಯದಾಗಿಸಿದ್ದರೆ ಅದು ಬರಿಯ ಮುಖಸ್ತುತಿ ಆಗುತ್ತಿತ್ತು, ನೋಡುವವರು ನಂಬುತ್ತಿರಲಿಲ್ಲ.

ರಾಜಚಿಹ್ನೆಗಳು

ಮೈಮೇಲಿನದು ಪಟ್ಟಾಭಿಷೇಕದ ಮೇಲಂಗಿ. ಹೊರಗೆ ನೀಲಿ ಮಖಮಲ್ಲಿನ ಮೇಲೆ ಫ್ರೆಂಚ್ ರಾಜವಂಶದ ಗುರುತಾದ ಚಿನ್ನದ ಲಿಲಿ ಹೂಗಳು, ಒಳಗೆ ಅರ್ಮಿನ್ ಎಂಬ ಪುಟ್ಟ ಪ್ರಾಣಿಯ ಬಿಳಿ ತುಪ್ಪಳ. ಅಂಗಿಯ ಅಂಚನ್ನು ಹೆಗಲ ಮೇಲೆ ಹೊದ್ದಿರುವುದರಿಂದ ತುಪ್ಪಳವೂ ಕಾಣುತ್ತದೆ, ಕಾಲೂ ಕಾಣುತ್ತದೆ. ಸೊಂಟದಲ್ಲಿರುವ ಖಡ್ಗದ ಹೆಸರು ಜ್ವಾಯೂಸ್. ಅದು ಶಾರ್ಲಮೇನ್ ಚಕ್ರವರ್ತಿಯದೆಂಬ ನಂಬಿಕೆಯಿತ್ತು. ಕಿರೀಟ ತಲೆಯ ಮೇಲಿಲ್ಲ, ಪಕ್ಕದ ಮೆತ್ತೆಯ ಮೇಲಿದೆ. ತಲೆಯ ಮೇಲಿರುವುದು ದಟ್ಟ ಗುಂಗುರಿನ ಕೃತಕ ಕೇಶ.

ಬಲಗೈಯಲ್ಲಿನ ರಾಜದಂಡವನ್ನು ಹತ್ತಿರದಿಂದ ನೋಡಬೇಕು. ಅದು ಅವನ ಅಜ್ಜ ನಾಲ್ಕನೆಯ ಹೆನ್ರಿಯ ದಂಡ. ಲೂಯಿ ಅದನ್ನು ತಲೆಕೆಳಗಾಗಿ ಹಿಡಿದು, ಊರುಗೋಲಿನಂತೆ ಮೆತ್ತೆಗೆ ಒತ್ತಿ ನಿಂತಿದ್ದಾನೆ. ಎಡಗೈ ಸೊಂಟದ ಮೇಲಿದೆ. ದೇಶದ ಅತಿ ಪವಿತ್ರ ವಸ್ತುವನ್ನು ಇಷ್ಟು ಸಲೀಸಾಗಿ ಬಳಸುವ ಧೈರ್ಯ ಐದು ತುಂಬುವ ಮೊದಲೇ ದೊರೆಯಾಗಿ ಬೆಳೆದವನಿಗೆ ಮಾತ್ರ ಬಂದೀತು. ಅಧಿಕಾರ ಅವನಿಗೆ ತೊಡಿಸಿದ ಆಭರಣವಲ್ಲ, ಅಭ್ಯಾಸ.

ದೃಶ್ಯದ ಕಟ್ಟಣೆ

ನೋಡುಗನ ದೃಷ್ಟಿಕೋನವನ್ನು ರಿಗೋ ತಗ್ಗಿನಲ್ಲಿಟ್ಟಿದ್ದಾನೆ, ಹಾಗಾಗಿ ನಾವು ತಲೆಯೆತ್ತಲೇಬೇಕು. ದೊರೆಯ ನೋಟವೋ ಮೇಲಿನಿಂದ ಇಳಿದುಬರುತ್ತದೆ. ಹಿಂದಿನ ದಪ್ಪ ಕಂಬ ಸ್ಥೈರ್ಯದ ಸಂಕೇತ, ಅದರ ಬುಡದಲ್ಲಿ ನ್ಯಾಯದೇವತೆಯ ಉಬ್ಬುಶಿಲ್ಪ. ಮೇಲೆ ಕೆಂಪು ಪರದೆ.

ನಂತರದ ದಾರಿ

ರಾಜಚಿತ್ರ ಹೇಗಿರಬೇಕೆಂಬುದಕ್ಕೆ ಈ ಕೃತಿಯೇ ಮಾದರಿಯಾಯಿತು. ಹದಿನಾರನೆಯ ಲೂಯಿಯನ್ನು ಕಲಾವಿದ ಕಾಲೆ ಇದೇ ಉಡುಗೆಯಲ್ಲಿ, ಇದೇ ಬಗೆಯ ನಿಲುವಿನಲ್ಲಿ ಬರೆದ. ಆ ದೊರೆಯ ತಲೆ 1793ರಲ್ಲಿ ಗಿಲೊಟಿನ್ನಿಗೆ ಬಿತ್ತು. ರಾಜವಂಶಕ್ಕೆ ಸೇರದ ನೆಪೋಲಿಯನ್ ಕೂಡ ಚಕ್ರವರ್ತಿಯಾದ ಮೇಲೆ ಅರ್ಮಿನ್ ತುಪ್ಪಳದ ಮೇಲಂಗಿ ಹೊದ್ದು, ದಂಡ ಹಿಡಿದೇ ಚಿತ್ರ ಬರೆಸಿಕೊಂಡ. ಲಿಲಿ ಹೂಗಳ ಬದಲು ಜೇನುನೊಣಗಳನ್ನು ಹೆಣೆಸಿದನಷ್ಟೆ.