ಮೆಹರ್ ಮತ್ತು ಜೋಡೆಯ ಹಣ: ನೀಲಗಿರಿಯ ಮುಸ್ಲಿಂ ಮದುವೆ ಪದ್ಧತಿಗಳ ಒಂದು ಚಾರಿತ್ರಿಕ ಅವಲೋಕನ

ಮುಸ್ಲಿಂ ಮದುವೆ ಅಂದಕೂಡಲೇ ನಮ್ಮ ಕಣ್ಣಮುಂದೆ ಬರೋದು ಎರಡೇ ಚಿತ್ರ: ಒಂದು ಬಿರಿಯಾನಿ, ಇನ್ನೊಂದು ತಲಾಖ್. ಒಂದು ಊಟದ ಚಪ್ಪರದ್ದು, ಇನ್ನೊಂದು ಕೋರ್ಟಿನದು. ಇವೆರಡರ ನಡುವೆ ಇರುವ ಮದುವೆಯ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ಪ್ರಸ್ತುತ ಪ್ರಬಂಧ ಕೇಳುವ ಪ್ರಶ್ನೆ ಇಷ್ಟೇ: ಮದುವೆಯಲ್ಲಿ ಹೆಣ್ಣಿಗೆ ಸಲ್ಲಬೇಕಾದದ್ದು ಏನು, ಅದಕ್ಕೆ ಎದುರು ದಿಕ್ಕಿನಲ್ಲಿ ಹರಿಯುವ ಹಣ ಯಾವುದು?

ಕೂನೂರನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಮೆಟ್ಟುಪಾಳಯದಿಂದ ಬೆಟ್ಟದ ರೈಲು 1899ರಲ್ಲಿ ಕೂನೂರಿಗೆ ಬಂತು. ಪಕ್ಕದ ವೆಲಿಂಗ್ಟನ್‌ನಲ್ಲಿ ದಂಡು, ಸುತ್ತಲೂ ಚಹಾ ತೋಟ. ಅತ್ತ ಗೂಡಲೂರಿನ ಸೀಮೆ ಮೊದಲು ಮಲಬಾರ್ ಜಿಲ್ಲೆಯ ವಯನಾಡಿಗೆ ಸೇರಿದ್ದು, 1877ರಲ್ಲಿ ನೀಲಗಿರಿಗೆ ಬಂತು. ಹೀಗಾಗಿ ಒಂದೇ ಬೆಟ್ಟದ ಮೇಲೆ ದಖ್ಖನಿ ಮಾತಾಡುವ ಮನೆಗಳು, ತಮಿಳು ಮಾತಾಡುವ ರಾವುತ್ತರ್ ಮನೆಗಳು, ಮಲಯಾಳಂ ಮಾತಾಡುವ ಮಾಪಿಳ್ಳೆ ಮನೆಗಳು ಸೇರಿಕೊಂಡವು. ದೇವರು ಒಬ್ಬನೇ, ನಿಕಾಹ್ ಒಂದೇ, ಆದರೆ ಮದುವೆಯ ಮನೆ ಒಂದೇ ಥರ ಇಲ್ಲ.

ಯಾರ ಬಾಯಲ್ಲಿ ಒಪ್ಪಿಗೆ?

ಶಾಸ್ತ್ರದ ದೃಷ್ಟಿಯಿಂದ ನಿಕಾಹ್ ಬಹಳ ಚಿಕ್ಕದು. ಒಂದು ಕಡೆಯಿಂದ ಪ್ರಸ್ತಾಪ, ಇನ್ನೊಂದು ಕಡೆಯಿಂದ ಒಪ್ಪಿಗೆ, ಸಾಕ್ಷಿಗಳು, ಗಂಡು ಹೆಣ್ಣಿಗೆ ಕೊಡಬೇಕಾದ ಮೆಹರ್. ಖುತ್ಬಾ ಓದುವುದು ವಾಡಿಕೆ. ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇದು ಒಪ್ಪಂದ. ಹೆಣ್ಣನ್ನು ಧಾರೆ ಎರೆದು ಕೊಡುವ ಕಲ್ಪನೆ ಇಲ್ಲಿಲ್ಲ.

ಆದರೆ ಒಪ್ಪಿಗೆ ಹೇಳುವ ರೀತಿಯಲ್ಲಿ ವ್ಯತ್ಯಾಸ ಇದೆ. ದಖ್ಖನಿ ಮತ್ತು ರಾವುತ್ತರ್ ಮನೆಗಳು ಹೆಚ್ಚಾಗಿ ಹನಫಿ ಪಂಥದವು. ದಖ್ಖನಿ ಮನೆಗಳಲ್ಲಿ ಒಬ್ಬ ವಕೀಲ, ಇಬ್ಬರು ಸಾಕ್ಷಿಗಳು ಹೆಣ್ಣು ಕೂತಿರುವ ಕೋಣೆಗೆ ಹೋಗಿ, ಗಂಡಿನ ಹೆಸರು, ಮೆಹರಿನ ಮೊತ್ತ ಹೇಳಿ, ಒಪ್ಪಿಗೆಯಾ ಅಂತ ಕೇಳ್ತಾರೆ. (ಇಲ್ಲಿ ವಕೀಲ ಅಂದ್ರೆ ಕರಿಕೋಟಿನವರಲ್ಲ, ಪ್ರತಿನಿಧಿ.) ಅವಳ ಉತ್ತರವನ್ನು ಹೊತ್ತು ಗಂಡಸರ ಸಭೆಗೆ ಬರ್ತಾರೆ. ಮಾಪಿಳ್ಳೆಯವರು ಶಾಫಿ ಪಂಥದವರು. ಅಲ್ಲಿ ಹೆಣ್ಣಿನ ವಲೀ, ಅಂದರೆ ಸಾಮಾನ್ಯವಾಗಿ ತಂದೆ, ಗಂಡಿನ ಕೈ ಹಿಡಿದು ಇಷ್ಟು ಮೆಹರಿಗೆ ನಿಕಾಹ್ ಮಾಡಿಕೊಟ್ಟಿದ್ದೇನೆ ಅಂತಾನೆ. ಗಂಡು ಒಪ್ಪಿದೆ ಅಂತಾನೆ. ಸಭೆಯಲ್ಲಿ ಕೇಳಿಸುವ ದನಿಗಳು ಗಂಡಸರವೇ.

ಕನ್ಯೆಯ ಮೌನವನ್ನು ಒಪ್ಪಿಗೆ ಅಂತ ಎಣಿಸುವ ನಿಯಮ ಹಳೆಯ ಧರ್ಮಶಾಸ್ತ್ರದಲ್ಲಿದೆ. ಮೌನಂ ಸಮ್ಮತಿ ಲಕ್ಷಣಂ ಅಂತ ನಾವೂ ಹೇಳ್ತೇವಲ್ಲ, ಹಾಗೆ. ನಾಚಿಕೆಯ ಮೌನಕ್ಕೂ ಭಯದ ಮೌನಕ್ಕೂ ಇರುವ ಅಂತರವನ್ನು ಈ ಮಾತು ಕೇಳಿಸಿಕೊಳ್ಳುವುದಿಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ನಾವು ತಲಾಖ್ ವಿರುದ್ಧದ ಕೃತಿ ಅಂತ ಓದಿದ್ದೇವೆ. ತಂದೆಯ ಹಟಕ್ಕೆ ಸಿಕ್ಕಿ ನಾದಿರಾಳ ದಾಂಪತ್ಯ ಒಡೆಯುತ್ತದೆ. ಅದನ್ನು ನಿಕಾಹ್‌ನ ಕಡೆಯಿಂದಲೂ ಓದಬಹುದು ಅಂತ ನನ್ನ ಅನಿಸಿಕೆ. ಬೇರೆಯವರು ಅವಳ ಪರವಾಗಿ ಮಾತಾಡುವ ರೂಢಿ ಶುರುವಾಗೋದು ತಲಾಖ್ ದಿನ ಅಲ್ಲ, ಮದುವೆಯ ದಿನವೇ.

ಅರಿಶಿನ, ಕಂಕಣ, ಕರಿಮಣಿ

ನಿಕಾಹ್ ಚಿಕ್ಕದಾದರೂ ಮದುವೆ ದೊಡ್ಡದು. ದಕ್ಷಿಣದ ಮುಸ್ಲಿಮರ ಆಚರಣೆಗಳನ್ನು ಹುಟ್ಟಿನಿಂದ ಸಾವಿನವರೆಗೆ ದಾಖಲಿಸಿದ 'ಖಾನೂನ್-ಎ-ಇಸ್ಲಾಂ' 1832ರಲ್ಲಿ ಪ್ರಕಟವಾಯಿತು. ಬರೆದವರು ಜಾಫರ್ ಷರೀಫ್, ಇಂಗ್ಲಿಷಿಗೆ ತಂದವರು ಮದ್ರಾಸ್ ಪ್ರಾಂತದ ವೈದ್ಯ ಹರ್ಕ್ಲೋಟ್ಸ್. ಅದರಲ್ಲಿ ಅರಿಶಿನ ಹಚ್ಚುವುದು, ಮೆಹಂದಿ, ವಧುವರರು ಮುಖ ನೋಡಿಕೊಳ್ಳುವ ಜಲ್ವಾ, ಕಂಕಣ ಬಿಚ್ಚುವ ಶಾಸ್ತ್ರ ಎಲ್ಲ ಇವೆ. ನಮ್ಮ ಹಳ್ಳಿ ಮದುವೆ ನೋಡಿದವರಿಗೆ ಇದರಲ್ಲಿ ಅರ್ಧಕ್ಕರ್ಧ ಪರಿಚಿತವೇ. ಕರಿಮಣಿಯನ್ನೇ ತಗೊಳ್ಳಿ. ತಮಿಳು ಮುಸ್ಲಿಮರಲ್ಲಿ ಕರುಗಮಣಿ, ದಖ್ಖನಿಯಲ್ಲಿ ಕಾಲೀ ಪೋತ್‌ನ ಲಚ್ಛಾ. ಹೆಸರು ಬೇರೆ, ಮಣಿಯ ಬಣ್ಣ ಒಂದೇ.

ಈ ಶಾಸ್ತ್ರಗಳ ಜೊತೆ ಹೆಂಗಸರ ಹಾಡು ಇತ್ತು. ದಖ್ಖನಿಯಲ್ಲಿ ಢೋಲಕ್‌ನ ಗೀತೆಗಳು, ಮಾಪಿಳ್ಳೆಯವರಲ್ಲಿ ಒಪ್ಪನ. ಬಿಜಾಪುರದ ಸೂಫಿಗಳ ಬಗ್ಗೆ ಬರೆದ ಚರಿತ್ರಕಾರ ರಿಚರ್ಡ್ ಈಟನ್, ಬೀಸುವ ಹಾಡುಗಳಾದ ಚಕ್ಕಿನಾಮಾ ಜೊತೆಗೆ ಶಾದಿನಾಮಾ ಎಂಬ ಮದುವೆ ಹಾಡುಗಳನ್ನೂ ಗುರುತಿಸಿದ್ದಾರೆ. ಸಭೆಯಲ್ಲಿ ಮಾತಿಲ್ಲದವರಿಗೆ ಒಳಮನೆಯಲ್ಲಿ ಹಾಡು ಇತ್ತು ಅನ್ನೋದು ಇಲ್ಲಿ ಗಮನಿಸಬೇಕಾದ ಅಂಶ.

ಎರಡು ದಿಕ್ಕಿನ ಹಣ

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಮೆಹರ್ ಗಂಡಿನಿಂದ ಹೆಣ್ಣಿಗೆ ಹೋಗಬೇಕಾದ ಹಣ, ಅದು ಅವಳದೇ ಆಸ್ತಿ. ಹನಫಿಯಲ್ಲಿ ಕನಿಷ್ಠ 10 ದಿರ್ಹಮ್ ಅನ್ನುವ ಮಿತಿ ಇದೆ, ಶಾಫಿಯಲ್ಲಿ ಕನಿಷ್ಠ ಮಿತಿ ಇಲ್ಲ. ಮೆಹರಿನಲ್ಲಿ ಎರಡು ಬಗೆ: ಕೇಳಿದ ಕೂಡಲೇ ಕೊಡಬೇಕಾದದ್ದು, ತಲಾಖ್ ಅಥವಾ ಸಾವಿನವರೆಗೆ ಮುಂದೂಡಿದ್ದು. ಅರಬ್ಬಿಯಲ್ಲಿ ಎರಡಕ್ಕೂ ಬೇರೆ ಬೇರೆ ಪದ. ಒಂದರಲ್ಲಿ 'ಐನ್' ಅಕ್ಷರ, ಇನ್ನೊಂದರಲ್ಲಿ 'ಹಮ್ಜಾ'. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ 'ಮುಅಜ್ಜಲ್' ಆಗಿಬಿಡುತ್ತವೆ! ಭಾಷೆ ಓದುವ ನಮಗೆ ಇದು ಸ್ವಾರಸ್ಯ. ವಿಧವೆಯೊಬ್ಬಳಿಗೆ ಅದು ತನ್ನ ಹಣ ಯಾವಾಗ ಸಿಗಬೇಕಿತ್ತು ಅನ್ನುವ ಪ್ರಶ್ನೆ.

ಇದಕ್ಕೆ ಎದುರಾಗಿ ಹೆಣ್ಣಿನ ಮನೆಯಿಂದ ಗಂಡಿಗೆ ಹೋಗುವ ಹಣ ಇದೆ. ದಖ್ಖನಿಯಲ್ಲಿ ಅದನ್ನು 'ಜೋಡೆ ಕೀ ರಖಮ್' ಅಂತಾರೆ, ಅಂದರೆ ವರನ ಜೋಡಿ ಬಟ್ಟೆಯ ಹಣ. ಮಲಯಾಳಂನಲ್ಲಿ 'ಸ್ತ್ರೀಧನಂ'. ಹೆಸರುಗಳ ವಿಪರ್ಯಾಸ ನೋಡಿ: ಬಟ್ಟೆಯ ಹೆಸರಲ್ಲಿ ಸಾವಿರ, ಲಕ್ಷ, ಸ್ತ್ರೀಯ ಧನ ಅನ್ನುವ ಪದದಲ್ಲಿ ಪುರುಷನ ಪಾಲು.

ಕಾನೂನಿನ ಚರಿತ್ರೆ ಏನು ಹೇಳುತ್ತದೆ? 1880ರ ಖಾಜಿ ಕಾಯ್ದೆ ಮೊದಲು ಜಾರಿಯಾದದ್ದೇ ಮದ್ರಾಸ್ ಪ್ರಾಂತದಲ್ಲಿ, ಅಂದರೆ ನೀಲಗಿರಿಗೂ ಅನ್ವಯ. ಮದುವೆಗೆ ಖಾಜಿಯ ಹಾಜರಿ ಕಡ್ಡಾಯ ಅಂತ ಈ ಕಾಯ್ದೆಯಿಂದ ಆಗುವುದಿಲ್ಲ ಅಂತ ಅದರಲ್ಲೇ ಬರೆದಿದೆ. 1937ರ ಷರಿಯತ್ ಕಾಯ್ದೆ ಮದುವೆ, ಮೆಹರ್ ವಿಷಯಗಳಲ್ಲಿ ರೂಢಿಯನ್ನು ಬದಿಗಿಟ್ಟು ಷರಿಯತ್ತನ್ನೇ ನಿಯಮ ಮಾಡಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮೆಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಮೆಹರ್ ನಿಕಾಹ್‌ನಾಮಾದಲ್ಲಿ ಬರೆಯಲ್ಪಡುತ್ತದೆ, ಆದರೆ ಎಷ್ಟೋ ಸಲ ಕೈಗೆ ಬರುವುದಿಲ್ಲ. ಜೋಡೆಯ ಹಣ ಕೈ ಬದಲಾಗುತ್ತದೆ, ಆದರೆ ಎಲ್ಲೂ ಬರೆಯಲ್ಪಡುವುದಿಲ್ಲ. ನನ್ನ ವಾದ ಇಷ್ಟೇ.

ಸಂವಾದ

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: "ಅರಿಶಿನ, ಕರಿಮಣಿಯಂಥ ಸ್ಥಳೀಯ ರೂಢಿಗಳನ್ನು ಬಿಟ್ಟರೆ ವರದಕ್ಷಿಣೆಯೂ ತಾನಾಗಿ ಹೋಗುತ್ತದಲ್ಲವೇ?"

ಒಳ್ಳೆ ಪ್ರಶ್ನೆ. ಸುಧಾರಕರು ಎರಡರ ವಿರುದ್ಧವೂ ಬರೆದಿದ್ದಾರೆ. ಅಶ್ರಫ್ ಅಲಿ ಥಾನ್ವಿಯವರ 'ಬಿಹಿಷ್ತೀ ಜೇವರ್' ಮದುವೆಯ ದುಂದುವೆಚ್ಚ, ರೂಢಿಗಳನ್ನೆಲ್ಲ ಟೀಕಿಸುತ್ತದೆ. ಆದರೆ ಹಾಡು ನಿಲ್ಲಿಸೋದು ಸುಲಭ, ಯಾಕಂದ್ರೆ ಹಾಡೋದು ಅಜ್ಜಿಯರು. ಹಣ ನಿಲ್ಲಿಸೋದು ಕಷ್ಟ, ಯಾಕಂದ್ರೆ ತಗೊಳ್ಳೋದು ಗಂಡಿನ ಕಡೆಯವರು. ಒಂದು ಚಿಟಿಕೆ ಅರಿಶಿನಕ್ಕೆ ಯಾರ ಮನೆಯೂ ಸಾಲಕ್ಕೆ ಬೀಳುವುದಿಲ್ಲ. ಎಲ್ಲವನ್ನೂ 'ರೂಢಿ' ಎಂಬ ಒಂದೇ ಗಂಟಿಗೆ ಕಟ್ಟಿದರೆ ಹಗುರವಾದದ್ದು ಹೊರಹೋಗುತ್ತದೆ, ಭಾರವಾದದ್ದು ಗಂಟಿನ ತಳದಲ್ಲೇ ಉಳಿಯುತ್ತದೆ.

ಆದ್ದರಿಂದ ಮದುವೆ ಹಾಡು ಸಂಗ್ರಹಿಸುವ ಸಹಪಾಠಿಗಳಲ್ಲಿ ಒಂದು ವಿನಂತಿ. ಅಜ್ಜಿಯರ ಹತ್ತಿರ ಹಾಡು ಕೇಳುವಾಗ, ನಿಮ್ಮ ಮೆಹರ್ ಎಷ್ಟಿತ್ತು, ಅದು ಕೈಗೆ ಬಂತಾ ಅಂತಲೂ ಕೇಳಿ. ಹಾಡಿನ ಪಕ್ಕದಲ್ಲೇ ಆ ಉತ್ತರವನ್ನೂ ಬರೆದುಕೊಳ್ಳಿ.